ಗೈಡ್ ನಿವೃತ್ತರಾದರೆ ನೋಂದಣಿ ಹೋಗುತ್ತದೆಯೇ?

ಈ ಸಲದ ಅಂಚೆಯಲ್ಲಿ ಬಂದದ್ದೆಲ್ಲ ಇಂಗ್ಲಿಷ್ ವಿಭಾಗಗಳ ಸುದ್ದಿಯೇ. ಯಾರು ನಿವೃತ್ತರಾಗುತ್ತಾರೆ, ಯಾರು ಹೊಸದಾಗಿ ಬಂದರು, ಅರ್ಜಿಗೆ ಕೊನೆಯ ದಿನ ಯಾವುದು. ನಾನು ಇಂಗ್ಲಿಷ್ ಪಾಠ ಮಾಡುವುದನ್ನು ನಿಲ್ಲಿಸಿ ಬಹಳ ಕಾಲವಾಯಿತು. ಆದರೂ ಕಾಸರಗೋಡಿನ ಪೇಟೆಯಲ್ಲಿ ತರಕಾರಿ ಕೊಳ್ಳುವಾಗಲೂ ಯಾರಾದರೊಬ್ಬರು ಹಿಡಿದು ನಿಲ್ಲಿಸಿ ಇದನ್ನೇ ಕೇಳುತ್ತಾರೆ. ಆದ್ದರಿಂದ ಈ ಸಂಚಿಕೆಯನ್ನು ಅವರಿಗೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ಸರ್, ನಾನು ವಿಶ್ವವಿದ್ಯಾಲಯವೊಂದರ ಇಂಗ್ಲಿಷ್ ವಿಭಾಗದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಕನ್ನಡ ಮತ್ತು ಮಲಯಾಳ ಸಣ್ಣಕತೆಗಳ ಇಂಗ್ಲಿಷ್ ಅನುವಾದಗಳು ನನ್ನ ವಿಷಯ. 2022ರ ಡಿಸೆಂಬರ್‌ನಲ್ಲಿ ನೋಂದಣಿಯಾಯಿತು, ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಇದೆ. ನಮ್ಮ ಗೈಡ್ ಬರುವ ಮೇ ಕೊನೆಗೆ ನಿವೃತ್ತರಾಗುತ್ತಾರೆಂದು ವಿಭಾಗದ ವಾರ್ತಾಪತ್ರದಲ್ಲಿ ಬಂದಿದೆ. ಅಷ್ಟರೊಳಗೆ ಪ್ರಬಂಧ ಸಲ್ಲಿಸದಿದ್ದರೆ ನೋಂದಣಿಯೇ ರದ್ದು ಎಂದು ಸಹಪಾಠಿಗಳು ಹೇಳುತ್ತಿದ್ದಾರೆ. ಎರಡು ಅಧ್ಯಾಯ ಬಾಕಿ ಇವೆ. ನಿದ್ದೆ ಹತ್ತುತ್ತಿಲ್ಲ.
– ಓದುಗಿ, ಬದಿಯಡ್ಕ

ಉತ್ತರ: ಮೊದಲು ನಿದ್ದೆ ಮಾಡಿ. ನಿಮ್ಮ ನೋಂದಣಿ ವಿಶ್ವವಿದ್ಯಾಲಯದಲ್ಲಿದೆ, ಗೈಡ್ ಅವರ ಮೇಜಿನ ಖಾನೆಯಲ್ಲಿ ಇಲ್ಲ. ಅವರು ಹೋದ ಮಾತ್ರಕ್ಕೆ ಅದು ರದ್ದಾಗುವುದಿಲ್ಲ. ಈ ಮಾತನ್ನು ನಿಮ್ಮ ಸಹಪಾಠಿಗಳಿಗೆ ಹೇಳಿದವರು ಯಾರು ಎಂದು ವಿಚಾರಿಸುತ್ತ ಹೋದರೆ ಕೊನೆಗೆ ಕ್ಯಾಂಟೀನಿನ ಬೆಂಚು ಸಿಗುತ್ತದೆ, ಯಾವ ಆದೇಶವೂ ಸಿಗುವುದಿಲ್ಲ.

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) ಈಗಿನ ಪಿಎಚ್.ಡಿ. ನಿಯಮಾವಳಿ ಜಾರಿಗೆ ಬಂದದ್ದು 2022ರ ನವೆಂಬರ್‌ನಲ್ಲಿ. ನೀವು ಡಿಸೆಂಬರ್‌ನಲ್ಲಿ ಸೇರಿದ್ದರಿಂದ ನಿಮಗೆ ಅನ್ವಯಿಸುವುದು ಅದೇ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಸೇವೆ ಉಳಿದವರು ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ ಎಂದು ಅದರಲ್ಲಿದೆ. ನಿಮ್ಮ ಗೈಡ್‌ಗೆ ಆಗ ಮೂರು ವರ್ಷ ದಾಟಿ ಕೆಲವು ತಿಂಗಳು ಉಳಿದಿದ್ದವು, ಹಾಗಾಗಿ ನಿಮ್ಮ ಸೇರ್ಪಡೆ ಸಕ್ರಮವೇ. ಈಗಾಗಲೇ ಸೇರಿದವರಿಗೆ ಅವರು ನಿವೃತ್ತಿಯ ದಿನದವರೆಗೆ ಮಾರ್ಗದರ್ಶಕರಾಗಿರಬಹುದು. ನಿವೃತ್ತಿಯ ಬಳಿಕ ಎಪ್ಪತ್ತು ವಯಸ್ಸಿನವರೆಗೆ ಸಹಮಾರ್ಗದರ್ಶಕರಾಗಿ ಮುಂದುವರಿಯಬಹುದು. ನಿಮ್ಮದು ಕೇಂದ್ರೀಯ ವಿಶ್ವವಿದ್ಯಾಲಯವಾಗಿದ್ದರೆ ಅಲ್ಲಿನ ಅಧ್ಯಾಪಕರು ನಿವೃತ್ತರಾಗುವುದು 65ಕ್ಕೆ. ಲೆಕ್ಕ ನೀವೇ ಹಾಕಿ.

ಹಾಗಾದರೆ ನಿಮಗೆ ಬೇಕಾಗಿರುವುದು ವಿಭಾಗದೊಳಗಿನ ಒಬ್ಬ ಮುಖ್ಯ ಮಾರ್ಗದರ್ಶಕರು. ವಾರ್ತಾಪತ್ರದ ಉಳಿದ ಪುಟಗಳು ಉಪಯೋಗಕ್ಕೆ ಬರುವುದು ಇಲ್ಲಿಯೇ. ಪ್ರೊಫೆಸರ್ ಏಕಕಾಲಕ್ಕೆ ಎಂಟು, ಅಸೋಸಿಯೇಟ್ ಪ್ರೊಫೆಸರ್ ಆರು, ಅಸಿಸ್ಟೆಂಟ್ ಪ್ರೊಫೆಸರ್ ನಾಲ್ಕು ಸಂಶೋಧನಾರ್ಥಿಗಳನ್ನು ಇಟ್ಟುಕೊಳ್ಳಬಹುದು. ಯಾರ ಬಳಿ ಜಾಗ ಖಾಲಿ ಇದೆ, ಯಾರ ವಿದ್ಯಾರ್ಥಿ ಇತ್ತೀಚೆಗೆ ಪ್ರಬಂಧ ಸಲ್ಲಿಸಿದರು, ಯಾರಿಗೆ ಬಡ್ತಿ ಸಿಕ್ಕಿತು ಎನ್ನುವುದೆಲ್ಲ ಆ ‘ಅಭಿನಂದನೆಗಳು’ ಅಂಕಣದಲ್ಲಿ ಇರುತ್ತದೆ. ಹೊಸದಾಗಿ ಸೇರಿದ ತರುಣ ಅಧ್ಯಾಪಕರ ಮೇಲೆ ತಟ್ಟನೆ ಆಸೆ ಇಡಬೇಡಿ. ಅಸಿಸ್ಟೆಂಟ್ ಪ್ರೊಫೆಸರ್ ಗೈಡ್ ಆಗಬೇಕಾದರೆ ಪಿಎಚ್.ಡಿ. ಜೊತೆಗೆ ವಿಷಯತಜ್ಞರು ಪರಿಶೀಲಿಸಿ ಪ್ರಕಟಿಸುವ ನಿಯತಕಾಲಿಕಗಳಲ್ಲಿ ಕನಿಷ್ಠ ಮೂರು ಲೇಖನ ಪ್ರಕಟವಾಗಿರಬೇಕು. ಇದೆಯೋ ಇಲ್ಲವೋ ಕೇಳಿ ತಿಳಿದುಕೊಳ್ಳಿ, ಸಂಕೋಚಪಡಬೇಡಿ.

ಜಾಗ ಗೊತ್ತಾದ ಮೇಲೆ ವಿಭಾಗದ ಮುಖ್ಯಸ್ಥರಿಗೆ ಲಿಖಿತ ಅರ್ಜಿ ಕೊಡಿ: ಇಂತಹ ದಿನಾಂಕದಿಂದ ಇಂತಹವರನ್ನು ಮಾರ್ಗದರ್ಶಕರನ್ನಾಗಿಯೂ ಈಗಿನ ಗೈಡ್ ಅವರನ್ನು ಸಹಮಾರ್ಗದರ್ಶಕರನ್ನಾಗಿಯೂ ನೇಮಿಸಬೇಕು ಎಂದು. ಇಬ್ಬರ ಸಹಿಯೂ ಇರಲಿ. ಮೇ ತನಕ ಕಾಯಬೇಡಿ. ಸಂಶೋಧನಾ ಸಮಿತಿ ನಿಮಗಾಗಿ ಅವಸರದಿಂದ ಸಭೆ ಸೇರುವುದಿಲ್ಲ; ಬೇಸಿಗೆ ರಜೆಯಲ್ಲಂತೂ ಸದಸ್ಯರನ್ನು ಒಟ್ಟುಗೂಡಿಸುವುದೇ ಕಷ್ಟ. ಅರ್ಜಿಯ ಪ್ರತಿಯ ಮೇಲೆ ಕಚೇರಿಯ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ‘ಅದೆಲ್ಲ ಆಗುತ್ತದೆ, ನೀವು ಹೋಗಿ’ ಎಂದು ಪ್ರೀತಿಯಿಂದ ಕಳಿಸುವ ಗುಮಾಸ್ತರು ಎಲ್ಲ ಕಡೆಯೂ ಇದ್ದಾರೆ. ಪ್ರೀತಿಯನ್ನೂ ತೆಗೆದುಕೊಳ್ಳಿ, ಮೊಹರನ್ನೂ ತೆಗೆದುಕೊಳ್ಳಿ.

ನಿಮ್ಮ ವಿಷಯಕ್ಕೊಂದು ತೊಡಕಿದೆ. ಹೊಸಬರಿಗೆ ಮಲಯಾಳ ಬರಬಹುದು, ಕನ್ನಡ ಬಾರದಿರಬಹುದು. ಮೂಲದ ವಾಕ್ಯವನ್ನೂ ಅನುವಾದದ ವಾಕ್ಯವನ್ನೂ ಪಕ್ಕಪಕ್ಕ ಇಟ್ಟು ನೋಡುವ ಕೆಲಸ ನಿಮ್ಮದು. ಓದಲು ಬಾರದವರು ‘ಚೆನ್ನಾಗಿದೆ’ ಎಂದರೆ ಅದರಿಂದ ನಿಮಗೇನೂ ದಕ್ಕುವುದಿಲ್ಲ. ಆದ್ದರಿಂದ ಕನ್ನಡ ಬಲ್ಲ ಈಗಿನ ಗೈಡ್ ತಮ್ಮ ಕೋಣೆಯಲ್ಲಿ ಕುಳಿತಿರುವಾಗಲೇ ಕನ್ನಡದ ಭಾಗವನ್ನು ಪೂರ್ತಿ ಅವರಿಂದ ತಿದ್ದಿಸಿಕೊಳ್ಳಿ. ಸಹಮಾರ್ಗದರ್ಶಕರು ಎಂದು ಕಾಗದದಲ್ಲಿದ್ದರೂ, ನಿವೃತ್ತರಾದವರು ಊರಿಗೆ ಹೋಗಿ ಅಡಿಕೆಗೆ ಮದ್ದು ಬಿಡಿಸುತ್ತಿರುತ್ತಾರೆ. ಮೇಲ್ ನೋಡುವುದು ಮಳೆ ಜೋರಾಗಿ ತೋಟಕ್ಕೆ ಇಳಿಯಲಾಗದ ದಿನ.

ಇನ್ನು ನಿಜವಾದ ಗಡುವುಗಳು. ಪಿಎಚ್.ಡಿ.ಗೆ ಗರಿಷ್ಠ ಆರು ವರ್ಷ, ಅಂದರೆ ನಿಮಗೆ 2028ರ ಡಿಸೆಂಬರ್. ಅದರ ಮೇಲೆ ಮರುನೋಂದಣಿಯಿಂದ ಎರಡು ವರ್ಷ, ಮಹಿಳೆಯರಿಗೆ ಇನ್ನೂ ಎರಡು ವರ್ಷ ಸಿಗಬಹುದು. ಒಟ್ಟು ಹತ್ತು ದಾಟುವಂತಿಲ್ಲ. ಹೆರಿಗೆ, ಮಕ್ಕಳ ಆರೈಕೆಗೆಂದು ಒಟ್ಟು 240 ದಿನಗಳವರೆಗೆ ರಜೆಯೂ ಇದೆ. ಫೆಲೋಶಿಪ್‌ನ ಗಡಿಯಾರ ಮಾತ್ರ ಬೇರೆ: ಜೆಆರ್‌ಎಫ್, ಅದರ ಮುಂದಿನ ಹಂತವಾದ ಎಸ್‌ಆರ್‌ಎಫ್ (ಹಿರಿಯ ಫೆಲೋಶಿಪ್) ಸೇರಿ ಐದೇ ವರ್ಷ. ಹಣ ನಿಂತ ಮೇಲೆ ಪ್ರಬಂಧ ಬರೆಯುವುದೆಂದರೆ ಏನೆಂದು ಬಲ್ಲವರನ್ನು ಕೇಳಿ. ನೀವು ಹೆದರಬೇಕಾದ ದಿನಾಂಕವೊಂದಿದ್ದರೆ ಅದು, ಗೈಡ್ ಅವರ ಬೀಳ್ಕೊಡುಗೆಯಲ್ಲ. ಮಾರ್ಗದರ್ಶಕರು ಬದಲಾಗುವ ತಿಂಗಳು ಫೆಲೋಶಿಪ್‌ನ ಕಾಗದಪತ್ರ ಯಾರದೋ ಸಹಿಗೆ ಕಾಯುತ್ತ ಬಿದ್ದಿರದಂತೆ ನೋಡಿಕೊಳ್ಳಿ.

ಎರಡು ಅಧ್ಯಾಯಗಳನ್ನು ಮೇ ಒಳಗೆ ಹೊಡೆದು ಮುಗಿಸುತ್ತೇನೆ ಎಂದು ಹೊರಡಬೇಡಿ. ಅವಸರದಲ್ಲಿ ಬರೆದವರ ಪುಟಗಳಲ್ಲಿ ಇತರರ ವಾಕ್ಯಗಳು ತಾವಾಗಿಯೇ ಬಂದು ಕುಳಿತುಕೊಳ್ಳುತ್ತವೆ. 2018ರ ಯುಜಿಸಿ ನಿಯಮದಂತೆ ಇತರರ ಬರಹದೊಂದಿಗಿನ ಹೋಲಿಕೆ ಶೇಕಡಾ 10ರ ಒಳಗಿದ್ದರೆ ಸರಿ. 40ರವರೆಗೆ ಹೋದರೆ ತಿದ್ದಿ ಮತ್ತೆ ಸಲ್ಲಿಸಬೇಕು. 60 ದಾಟಿದರೆ ನೋಂದಣಿ ರದ್ದು. ನಿಮ್ಮ ಸಹಪಾಠಿಗಳು ಹೆದರಿಸಿದ ಆ ಪದ ನಿಯಮದಲ್ಲಿ ಇರುವುದು ಇಂತಹ ಕಡೆ.

ಪ್ರಶ್ನೆ: ಇಂಗ್ಲಿಷ್ ಎಂ.ಎ. ಮುಗಿಸಿ ಕರ್ನಾಟಕದ ಕೆ-ಸೆಟ್ ಪಾಸಾಗಿದ್ದೇನೆ. ಜೂನ್‌ನಲ್ಲಿ ಇಲ್ಲಿನ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರ ಸಂದರ್ಶನ ನಡೆಯುತ್ತದಂತೆ. ಕೆ-ಸೆಟ್ ಸಾಕೇ? ಪಕ್ಕದ ಮನೆಯ ಟೀಚರು ಕೇರಳದ ಸೆಟ್ ಬರೆದುಬಿಡು ಎನ್ನುತ್ತಾರೆ.
– ಓದುಗ, ಮುಳ್ಳೇರಿಯ

ಉತ್ತರ: ತಲಪಾಡಿಯ ಗಡಿ ದಾಟಿದೊಡನೆ ‘ಸೆಟ್’ ಎನ್ನುವುದು ಬೇರೆಯೇ ಪರೀಕ್ಷೆಯಾಗುತ್ತದೆ. ಕರ್ನಾಟಕದ್ದು ಕಾಲೇಜಿನ ಅಸಿಸ್ಟೆಂಟ್ ಪ್ರೊಫೆಸರ್ ಅರ್ಹತೆ, ಆ ರಾಜ್ಯದೊಳಗೆ ಮಾತ್ರ ನಡೆಯುತ್ತದೆ. ಕೇರಳದ ಸೆಟ್ ಹೈಯರ್ ಸೆಕೆಂಡರಿ ಶಿಕ್ಷಕರಿಗೆ. ಎಲ್‌ಬಿಎಸ್ ಕೇಂದ್ರ ನಡೆಸುತ್ತದೆ, ಸಾಮಾನ್ಯವಾಗಿ ಬಿ.ಎಡ್. ಕೂಡ ಬೇಕು. ಟೀಚರು ಹೇಳಿದ್ದು ಅವರ ದಾರಿ. ನಿಮಗೆ ಕಾಲೇಜೇ ಬೇಕಿದ್ದರೆ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಾದ ನೆಟ್ ಬರೆಯಿರಿ, ಎರಡೂ ಕಡೆ ನಡೆಯುವುದು ಅದೊಂದೇ. ಇಂಗ್ಲಿಷಿನ ಸಂಕೇತ ಸಂಖ್ಯೆ 30, ವರ್ಷಕ್ಕೆರಡು ಅವಕಾಶ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.

ಅತಿಥಿ ಉಪನ್ಯಾಸಕ ಹುದ್ದೆಗೆ ನೆಟ್ ಇದ್ದವರಿಗೆ ಆದ್ಯತೆ. ಅವರು ಸಿಗದಿದ್ದರೆ ಸ್ನಾತಕೋತ್ತರದಲ್ಲಿ ಶೇಕಡಾ 55 ಪಡೆದವರನ್ನು ಪರಿಗಣಿಸುತ್ತಾರೆ. ಆದರೆ ಅದಕ್ಕೂ ಮೊದಲು ಕೋಝಿಕ್ಕೋಡಿನ ಕಾಲೇಜು ಶಿಕ್ಷಣ ಉಪನಿರ್ದೇಶಕರ ಕಚೇರಿಯಲ್ಲಿ ಹೆಸರು ನೋಂದಾಯಿಸಿರಬೇಕು. ಪತ್ರಿಕೆಯ ಪ್ರಕಟಣೆಯಲ್ಲಿ ಸಂದರ್ಶನದ ದಿನವನ್ನು ಎಲ್ಲರೂ ಓದುತ್ತಾರೆ. ನೋಂದಣಿಯ ಆ ಒಂದು ಸಾಲನ್ನು ಬಿಟ್ಟು ಸರ್ಕಾರಿ ಕಾಲೇಜಿರುವ ವಿದ್ಯಾನಗರದ ಬಸ್ ಹತ್ತುತ್ತಾರೆ. ನೀವು ಈಗಲೇ ಮಾಡಿಡಿ. ಕರ್ನಾಟಕದ ವಿಶ್ವವಿದ್ಯಾಲಯದ ಪದವಿಯಾಗಿದ್ದರೆ ತತ್ಸಮಾನ ಪ್ರಮಾಣಪತ್ರ ಬೇಕೇ ಎಂದೂ ಅಲ್ಲಿಯೇ ಕೇಳಿಬಿಡಿ.

ಪ್ರಶ್ನೆ: ಮಾಸ್ಟ್ರೇ, ಮಗಳು ಹತ್ತರವರೆಗೆ ಕನ್ನಡ ಮಾಧ್ಯಮ. ಈಗ ಬಿ.ಎ. ಕೊನೆಯ ವರ್ಷ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಎಂ.ಎ. ಮಾಡಬೇಕೆಂದು ಅವಳ ಆಸೆ. ನಡೆಸಿಯಾಳೇ? ಅರ್ಜಿ ಯಾವಾಗ?
– ಒಬ್ಬ ತಾಯಿ, ಪೆರ್ಲ

ಉತ್ತರ: ಅಕ್ಕಾ, ನಡೆಸುತ್ತಾಳೆ. ನಮ್ಮ ಕಾಸರಗೋಡಿನ ಕಾರಡ್ಕದಲ್ಲಿ ಹುಟ್ಟಿದ ಕವಿ ಕೆ.ವಿ. ತಿರುಮಲೇಶರು ಹೈದರಾಬಾದಿನಲ್ಲಿ ಇಂಗ್ಲಿಷ್ ಅಧ್ಯಾಪಕರಿಗೇ ತರಬೇತಿ ಕೊಡುವ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅವರಿಗೆ 2015ರಲ್ಲಿ ಬಂದದ್ದು ಕನ್ನಡ ಕಾವ್ಯಕ್ಕೆ. ಪೆರಿಯದಲ್ಲಿ ಇರುವುದು ಇಂಗ್ಲಿಷ್ ಮತ್ತು ತೌಲನಿಕ ಸಾಹಿತ್ಯ ವಿಭಾಗ. ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿ ಓದಬಲ್ಲವಳು ಅಲ್ಲಿ ಹಿಂದೆ ಬೀಳಬೇಕಾಗಿಲ್ಲ.

ನನ್ನ ಚಿಂತೆ ಅವಳ ಇಂಗ್ಲಿಷಿನದ್ದಲ್ಲ, ಕಾಗದದ್ದು. ಪ್ರವೇಶ ಸಿಯುಇಟಿ-ಪಿಜಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಮೂಲಕ. ಫಲಿತಾಂಶ ಬಂದ ಮೇಲೆ ನೋಡೋಣ ಎಂದು ಕುಳಿತರೆ ಆಯಿತು: ಅದರ ಅರ್ಜಿ ಪದವಿಯ ಕೊನೆಯ ಪರೀಕ್ಷೆಗೂ ಮೊದಲೇ, ಚಳಿಗಾಲದಲ್ಲೇ ಮುಗಿದುಹೋಗುತ್ತದೆ. ಕೊನೆಯ ವರ್ಷದಲ್ಲಿರುವವರೂ ಹಾಕಬಹುದು. ಹೆಸರು ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಇರುವಂತೆಯೇ ಇರಲಿ, ಇನಿಷಿಯಲ್ ಸಮೇತ. ನಿಮಗೆ ಒಬಿಸಿ ಮೀಸಲಾತಿ ಇದ್ದರೆ ವಿಲೇಜ್ ಆಫೀಸಿನಲ್ಲಿ ಸಿಗುವ ರಾಜ್ಯದ ಕೆನೆಪದರವಲ್ಲದ ಪ್ರಮಾಣಪತ್ರ ಅಲ್ಲಿ ನಡೆಯದು. ಕೇಂದ್ರದ ನಮೂನೆಯದ್ದು ತಹಶೀಲ್ದಾರರಿಂದ ಬರಬೇಕು, ನಿಮಗೆ ಉಪ್ಪಳ. ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕುವಾಗಲೇ ‘ಕೇಂದ್ರದ್ದು’ ಎಂದು ಒತ್ತಿ ಹೇಳಿ. ಪ್ರವೇಶದ ಹೊತ್ತಿಗೆ ಸಾಮಾನ್ಯವಾಗಿ ಏಪ್ರಿಲ್ ನಂತರ ಕೊಟ್ಟ ಪತ್ರವನ್ನೇ ಕೇಳುತ್ತಾರೆ, ಆಗ ಹೊಸದನ್ನು ಮಾಡಿಸಿ.

ಪ್ರಶ್ನೆ: ‘ಯುಜಿಸಿ-ಕೇರ್ ಪಟ್ಟಿಯ ನಿಯತಕಾಲಿಕ, ಮೂರು ದಿನದಲ್ಲಿ ಪ್ರಕಟಣೆ, ಇಂದೇ ಕೊನೆಯ ದಿನ’ ಎಂದು ವಾಟ್ಸಾಪ್‌ನಲ್ಲಿ ಬಂದಿದೆ. ಶುಲ್ಕ ಕಟ್ಟಲೇ?
– ಸಂಶೋಧನಾರ್ಥಿ, ಮಂಜೇಶ್ವರ

ಉತ್ತರ: ಯುಜಿಸಿ-ಕೇರ್ ಎಂದರೆ ಯುಜಿಸಿ ಒಪ್ಪಿದ ನಿಯತಕಾಲಿಕಗಳ ಪಟ್ಟಿ; ಆ ಪಟ್ಟಿಯನ್ನೇ ಅದು 2025ರ ಫೆಬ್ರವರಿಯಲ್ಲಿ ಕೈಬಿಟ್ಟಿತು. ಮೂರು ದಿನದಲ್ಲಿ ಲೇಖನವನ್ನು ಯಾರೂ ಪರಿಶೀಲಿಸುವುದಿಲ್ಲ, ಓದುವುದೂ ಇಲ್ಲ. 2022ರ ನಿಯಮದಲ್ಲಿ ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟವಾಗಿರಲೇಬೇಕು ಎಂಬ ಕಡ್ಡಾಯವೂ ಈಗಿಲ್ಲ. ನಿಮ್ಮ ವಿಶ್ವವಿದ್ಯಾಲಯ ತನ್ನದೇ ಷರತ್ತು ಹಾಕಿದೆಯೇ ಎಂದು ವಿಭಾಗದಲ್ಲಿ ಕೇಳಿ. ದುಡ್ಡು ಕಟ್ಟಬೇಡಿ.