ಗೆರೆ ಮೊದಲು ದಾಟಿದರೂ ಸೋಲೇ?

ಪ್ರಶ್ನೆ: ನಾವಿರುವುದು ಅಮೆರಿಕದಲ್ಲಿ. 10 ವರ್ಷದ ಮಗಳು ಜೂನಿಯರ್ ಡ್ರ್ಯಾಗ್‌ಸ್ಟರ್ (ನೇರ ಹಾದಿಯಲ್ಲಿ ಇಬ್ಬಿಬ್ಬರೇ ಓಡುವ ಡ್ರ್ಯಾಗ್ ರೇಸಿನ ಮಕ್ಕಳ ಕಾರು) ಓಡಿಸುತ್ತಾಳೆ. ಮೊನ್ನೆ ಎದುರಾಳಿಗಿಂತ ಮೊದಲೇ ಗೆರೆ ದಾಟಿದಳು, ಆದರೂ ಗೆಲುವು ಅವನದಂತೆ. ಇದ್ಯಾವ ಲೆಕ್ಕ?

ಉತ್ತರ: ಮಗಳು ‘ಬ್ರೇಕ್‌ಔಟ್’ ಆಗಿರಬೇಕು, ಅಂದರೆ ತಾನೇ ಹೇಳಿದ ಸಮಯಕ್ಕಿಂತ ಬೇಗ ಓಡಿರಬೇಕು. ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ 1992ರಲ್ಲಿ ಶುರುಮಾಡಿದ ಈ ಮಕ್ಕಳ ಲೀಗಿನಲ್ಲಿ ಬರೀ ವೇಗಕ್ಕೆ ಬೆಲೆಯಿಲ್ಲ. 660 ಅಡಿ ಓಡಲು ಎಷ್ಟು ಸೆಕೆಂಡ್ ಬೇಕೆಂದು ಮೊದಲೇ ಕಾರಿನ ಮೇಲೆ ಬರೆಯಬೇಕು, ಅದೇ ಡಯಲ್-ಇನ್. ಇವಳದು 8.95, ಹುಡುಗನದು 12.10 ಎಂದಿಟ್ಟುಕೊಳ್ಳಿ. ಅವನಿಗೆ 3.15 ಸೆಕೆಂಡ್ ಮುಂಚೆ ಹಸಿರು ದೀಪ. ಇವಳು 8.93ಕ್ಕೇ ಮುಗಿಸಿದರೆ ತಾನು ಬರೆದದ್ದನ್ನು ತಾನೇ ಮೀರಿದಂತೆ, ಅವನು 12.16ಕ್ಕೆ ತೆವಳಿಕೊಂಡು ಬಂದರೂ ಗೆದ್ದ. ಇಬ್ಬರೂ ಮೀರಿದರೆ, ಕಡಿಮೆ ಮೀರಿದವರಿಗೆ ಗೆಲುವು. ಹಾಗಂತ 8.85 ಬರೆದು ಬಚಾವಾಗಲು ಹೋಗಬೇಡಿ. 10ರಿಂದ 12 ವಯಸ್ಸಿನವರು 8.90ಕ್ಕಿಂತ ಬೇಗ ಓಡುವಂತಿಲ್ಲ.

ಪ್ರಶ್ನೆ: ಒಂದೇ ದಿನ ಮೂರು ಓಟಕ್ಕೆ 9.02, 9.14, 9.05 ಸೆಕೆಂಡ್, ಸಮಯ ಒಂದೇ ಸಮ ಬರುತ್ತಿಲ್ಲ. ಎಂಜಿನ್ ಬಿಚ್ಚಿಸಬೇಕೇ?

ಉತ್ತರ: ಎಲ್ಲರ ಕೈ ಮೊದಲು ಎಂಜಿನ್ನಿಗೇ ಹೋಗುತ್ತದೆ, ತಪ್ಪು. ಮೊದಲು ಕ್ಲಚ್ ನೋಡಿ. ಇದರ ಸೆಂಟ್ರಿಫ್ಯೂಗಲ್ ಕ್ಲಚ್, ಎಂಜಿನ್ ಇಂತಿಷ್ಟು ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಮುಟ್ಟಿದ ಮೇಲೆ ತಾನಾಗಿ ಕಚ್ಚುವಂಥದ್ದು. ಒಳಗೆ ಎಣ್ಣೆಯಿಲ್ಲದ ಡ್ರೈ ಕ್ಲಚ್ಚಾಗಿದ್ದರೆ, ಚೈನಿಗೆ ಬಿಟ್ಟ ಎಣ್ಣೆ ಎರಡು ಹನಿ ಒಳಗೆ ಸಿಡಿದರೂ ಸಾಕು, ಜಾರುತ್ತದೆ. ಚೈನು ಅರ್ಧ ಇಂಚಿನಷ್ಟು ಸಡಿಲವಿರಲಿ. ಅಳೆಯುವ ಮುನ್ನ ಹಿಂದಿನ ಚಕ್ರವನ್ನು ಪೂರ್ತಿ ಒಂದು ಸುತ್ತು ತಿರುಗಿಸಿ, ಎಲ್ಲಿ ಅತಿ ಬಿಗಿಯೋ ಅಲ್ಲೇ ಅಳೆಯಿರಿ. ಸ್ಪ್ರಾಕೆಟ್ ಕೊಂಚ ಸೊಟ್ಟಗಿದ್ದರೆ ಬೇರೆ ಕಡೆಯ ಅಳತೆ ಮೋಸ ಮಾಡುತ್ತದೆ. ಹಿಂದಿನ ಎರಡೂ ಟೈರಿನ ಗಾಳಿಯನ್ನು ಪ್ರತಿ ಓಟಕ್ಕೂ ಮುಂಚೆ ಒಂದೇ ಗೇಜಿನಲ್ಲಿ ನೋಡಿ. ಎಂಜಿನ್ ಶಾಖವೂ ಪ್ರತಿ ಸಲ ಒಂದೇ ಇರಬೇಕು.

ಇಷ್ಟಾದರೂ ಸರಿಹೋಗದಿದ್ದರೆ ಇಂಧನದ, ಅಂದರೆ ಮೆಥನಾಲ್ ಕ್ಯಾನ್ ಮೇಲೆ ಅನುಮಾನ ಪಡಿ. ಅದು ಗಾಳಿಯ ತೇವ ಹೀರುತ್ತದೆ. ಮುಚ್ಚಳ ತೆರೆದಿಟ್ಟ ಕ್ಯಾನಿನದ್ದನ್ನು ಬಳಸಬೇಡಿ.

ಪ್ರಶ್ನೆ: ಕೈ ಕಾರಿನಿಂದ ಹೊರಹೋಗದಂತೆ ಕಟ್ಟುವ ತೋಳಿನ ಪಟ್ಟಿ ಕಿರಿಕಿರಿ ಎನ್ನುತ್ತಾಳೆ ಮಗಳು. ಸಡಿಲ ಮಾಡಬಹುದೇ?

ಉತ್ತರ: ಸ್ಟೀರಿಂಗ್ ಪೂರ್ತಿ ತಿರುಗಿಸುವಷ್ಟು ಮಾತ್ರ. ಕಟ್ಟಿದ ಮೇಲೆ ಕೈ ಮೇಲೆತ್ತಿಸಿ ನೋಡಿ: ಬೆರಳ ತುದಿಯೂ ರೋಲ್ ಕೇಜಿನ (ಚಾಲಕರ ಸುತ್ತಲಿನ ರಕ್ಷಣಾ ಚೌಕಟ್ಟಿನ) ಕೊಳವೆ ದಾಟಬಾರದು. ಕಾರು ಮಗುಚಿದಾಗ ತೋಳು ತಾನಾಗಿ ಹೊರಕ್ಕೆ ಚಿಮ್ಮುತ್ತದೆ.