ಆನಂದನಿಗೆ ಏಕೆ ತಡವಾಯಿತು?

ಮಾನ್ಯರೇ,

ಬುದ್ಧನ ಶಿಷ್ಯರನ್ನು ಕುರಿತ ನಮ್ಮ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿದೆ. 25 ವರ್ಷ ಬುದ್ಧನ ಸೇವೆ ಮಾಡಿದ ಆನಂದನಿಗೆ ಗುರು ಬದುಕಿರುವವರೆಗೂ ಅರಹಂತ ಪದವಿ ದಕ್ಕಲಿಲ್ಲ; ನಾಲ್ಕು ತಿಂಗಳಾದರೂ ಒಂದು ಗಾಥೆಯನ್ನು ಬಾಯಿಪಾಠ ಮಾಡಲಾಗದ ಚೂಳಪಂಥಕನಿಗೆ ದಕ್ಕಿತು. ಹಾಗಾದರೆ ಸೇವೆಗೆ ಬೆಲೆಯೇ ಇಲ್ಲವೇ ಎಂಬುದು ತಮ್ಮ ಪ್ರಶ್ನೆ.

'ಪದವಿ' ಎಂಬ ಮಾತು ನಮ್ಮ ಲೇಖನದ್ದೇ, ಅದನ್ನು ಬಳಸಬಾರದಿತ್ತು. ಜೈನ ಪರಂಪರೆಯ ಒಡನಾಟದಲ್ಲಿ ಬೆಳೆದ ಕನ್ನಡದ ಕಿವಿಗೆ 'ಅರಹಂತ' ಎಂದೊಡನೆ ಜಿನನೇ ನೆನಪಾಗುತ್ತಾನೆ. ಬೌದ್ಧರಲ್ಲಿ ಅದು ಬುದ್ಧನಿಗೂ, ತೃಷ್ಣೆ ಅವಿದ್ಯೆಗಳನ್ನು ಬೇರುಸಹಿತ ಕಳೆದುಕೊಂಡ ಶಿಷ್ಯನಿಗೂ ಸಲ್ಲುವ ಹೆಸರು. ಮರೆಯಾಗಿದ್ದ ದಾರಿಯನ್ನು ತೆರೆದವನು ಬುದ್ಧ, ಆ ದಾರಿಯಲ್ಲಿ ಅವನ ಹಿಂದೆ ನಡೆದು ಬಂದವರು ಶಿಷ್ಯರು. ಬುದ್ಧನ ಉಪದೇಶಗಳ ಸಂಗ್ರಹಗಳಲ್ಲೊಂದಾದ ಸಂಯುತ್ತನಿಕಾಯವು ಇಬ್ಬರ ನಡುವೆ ಗುರುತಿಸುವ ವ್ಯತ್ಯಾಸ ಇದು. ಬಿಡುಗಡೆ ಗುರುವು ಮೆಚ್ಚಿ ಕೊಡುವ ವಸ್ತುವಲ್ಲ.

ಚೂಳಪಂಥಕನಿಗೂ ಬುದ್ಧ ಕೊಟ್ಟದ್ದು ಒಂದು ಶುಭ್ರವಾದ ಬಟ್ಟೆಯ ತುಂಡನ್ನಷ್ಟೇ. ಅದನ್ನು ಉಜ್ಜುತ್ತ ಕುಳಿತು, ತನ್ನ ಕೈ ಸೋಕಿಯೇ ಅದು ಮಾಸಿದ್ದನ್ನು ಕಂಡು, ಎಲ್ಲವೂ ಅನಿತ್ಯವೆಂದು ಅವನು ತಾನೇ ಅರಿತನೆಂದು ಅಟ್ಠಕಥೆಗಳು, ಅಂದರೆ ಪಾಲಿ ವ್ಯಾಖ್ಯಾನಗಳು, ಹೇಳುತ್ತವೆ.

ಆನಂದನ ಸಂಗತಿ ಇನ್ನೂ ಆಳವಾದುದು. 84,000 ಧರ್ಮೋಪದೇಶಗಳು ತನ್ನ ನೆನಪಿನಲ್ಲಿವೆ ಎನ್ನುವ ಅವನ ಗಾಥೆಯೊಂದು ಹಿರಿಯ ಭಿಕ್ಷುಗಳ ಪದ್ಯಗಳ ಸಂಕಲನವಾದ ಥೇರಗಾಥೆಯಲ್ಲಿದೆ. ಅಂಥವನು ಕುಸಿನಾರದಲ್ಲಿ, ಬುದ್ಧನ ಕೊನೆಯ ದಿನ, 'ನಾನಿನ್ನೂ ಕಲಿಯುತ್ತಿರುವವನು, ನನ್ನ ಮೇಲೆ ಕರುಣೆಯಿಟ್ಟ ಗುರು ಹೋಗುತ್ತಿದ್ದಾನೆ' ಎಂದು ಬಾಗಿಲಿಗೆ ಒರಗಿ ಅತ್ತ. ಬುದ್ಧ ಅವನನ್ನು ಕರೆಸಿ, ಕಾಯಾ ವಾಚಾ ಮನಸಾ ಅವನು ಬಹುಕಾಲ ನಡೆಸಿದ ಸೇವೆಯನ್ನು ಬಾಯ್ತುಂಬ ಹೊಗಳಿದ. ಬೆನ್ನಿಗೇ, 'ಪ್ರಯತ್ನಪಡು, ನೀನೂ ಬೇಗನೆ ಮುಕ್ತನಾಗುವೆ' ಎಂದ. ತಮ್ಮ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆಯೆಂದು ನನಗನಿಸುತ್ತದೆ: ಸೇವೆಗೆ ಪೂರ್ಣ ಮನ್ನಣೆ ಸಂದಿತು, ಆದರೆ ಪ್ರಯತ್ನದ ಜಾಗದಲ್ಲಿ ಅದನ್ನಿಡಲು ಗುರು ಒಪ್ಪಲಿಲ್ಲ.

ಸಂಘವೂ ಅವನನ್ನು ಕೈಬಿಡಲಿಲ್ಲ. ಬುದ್ಧನ ನಂತರ ಅವನ ಉಪದೇಶಗಳನ್ನು ಒಟ್ಟುಗೂಡಿಸಲು ರಾಜಗೃಹದಲ್ಲಿ ಸೇರಿದ ಮೊದಲ ಸಂಗೀತಿಗೆ, ಅಂದರೆ ಭಿಕ್ಷುಗಳ ಸಭೆಗೆ, ಹಿರಿಯ ಶಿಷ್ಯ ಮಹಾಕಸ್ಸಪ 499 ಅರಹಂತರನ್ನು ಆರಿಸಿದಾಗ, ಇನ್ನೂ ಅರಹಂತನಾಗಿರದ ಆನಂದನನ್ನೂ ಸೇರಿಸಿಕೊಳ್ಳಬೇಕೆಂದು ಭಿಕ್ಷುಗಳೇ ಕೇಳಿಕೊಂಡರು. ಅರಹಂತನಾಗದೆ ಸಭೆಗೆ ಹೋಗುವುದು ತನಗೆ ತರವಲ್ಲವೆಂದು ಬಗೆದ ಆನಂದ ಹಿಂದಿನ ರಾತ್ರಿಯ ಬಹುಭಾಗವನ್ನು ಧ್ಯಾನದಲ್ಲಿ ಕಳೆದ. ಬೆಳಗಿನ ಜಾವ ಮಲಗಲೆಂದು ಒರಗಿದಾಗ, ಕಾಲು ನೆಲವನ್ನು ಬಿಟ್ಟು ತಲೆ ದಿಂಬನ್ನು ಮುಟ್ಟುವಷ್ಟರಲ್ಲಿ ಅವನ ಚಿತ್ತ ಬಿಡುಗಡೆ ಹೊಂದಿತು. ಮರುದಿನ ಸಭೆಯಲ್ಲಿ, ಯಾವ ಸುತ್ತವನ್ನು (ಉಪದೇಶವನ್ನು) ಬುದ್ಧ ಎಲ್ಲಿ, ಯಾರಿಗೆ ಹೇಳಿದನೆಂದು ಮಹಾಕಸ್ಸಪ ಕೇಳುತ್ತ ಹೋದಂತೆ, ಒಂದೊಂದಕ್ಕೂ ಉತ್ತರ ಕೊಟ್ಟವನು ಆನಂದ.

ಸಂಪಾದಕ