ಬಿಚ್ಚಿ ಕಟ್ಟಿದರೆ ಹಳೆಮನೆ ಅಲ್ವಾ?

ಸಾಗರದ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ಬೇಲೀಫ್ ಎಂಬ ತೋಟದ ಮನೆಯ ಚಿತ್ರ ನೋಡಿ ಕೇಳಿದ್ದಾರೆ: "ಬೇರೆ ಊರಿಂದ ತಂದು ಕಟ್ಟಿದ ಮನೆ ಹಳೆಯದು ಹೇಗಾಗುತ್ತದೆ? ಹೊಗೆಗೂಡಿಲ್ಲದೆ ನಡುಮನೆಯಲ್ಲಿ ಬೆಂಕಿ ಅಂದಿದ್ದೀರಿ. ಅದು ಅಚ್ಚಿನ ತಪ್ಪೇ?"

ಸಂಪಾದಕರ ಉತ್ತರ:

ಅಚ್ಚಿನ ತಪ್ಪಲ್ಲ ಸ್ವಾಮಿ. 15ನೇ ಶತಮಾನದ ಆರಂಭದ ಮನೆ ಅದು. ನಡುಮನೆಗೆ ಮೇಲಂತಸ್ತೇ ಇಲ್ಲ, ನೆಲದಿಂದ ಮಾಡಿನವರೆಗೂ ಖಾಲಿ. ನೆಲದ ಮಧ್ಯೆ ಒಲೆ. ಹೊಗೆ ಮೇಲೇರಿ ಮಾಡಿನ ಸಂದಿಗಳಲ್ಲಿ ಹೊರಗೆ ಹೋಗುತ್ತಿತ್ತು. ಕಿಟಕಿಗೆ ಗಾಜಿಲ್ಲ, ಮರದ ಸರಳು, ಒಳಗಿನಿಂದ ಮುಚ್ಚುವ ಹಲಗೆ. ಇಂಥ ಮನೆಗಳ ಜಂತೆಗಳ ಮೇಲೆ ಕೂತ ಇಲ್ಲಣವೇ ಅಲ್ಲಿ ಬೆಂಕಿ ಉರಿಯುತ್ತಿತ್ತು ಅನ್ನೋದಕ್ಕೆ ಸಾಕ್ಷಿ.

ಇನ್ನು ತಂದು ಕಟ್ಟಿದ ವಿಷಯ. ಮನೆ ಇದ್ದದ್ದು ಕೆಂಟ್‌ನ ಚಿಡಿಂಗ್‌ಸ್ಟೋನ್‌ನಲ್ಲಿ. ಬೌ ಬೀಚ್ ಜಲಾಶಯಕ್ಕೆ ಆ ಜಾಗ ಬೇಕಾಯಿತು. 1960ರ ದಶಕದ ಕೊನೆಗೆ ಮನೆ ಬಿಚ್ಚಿದರು. ಈಗ ಪಶ್ಚಿಮ ಸಸೆಕ್ಸ್‌ನ ಸಿಂಗಲ್‌ಟನ್‌ನಲ್ಲಿ, ವೀಲ್ಡ್ ಅಂಡ್ ಡೌನ್‌ಲ್ಯಾಂಡ್ ವಸ್ತುಸಂಗ್ರಹಾಲಯದಲ್ಲಿ ನಿಂತಿದೆ.

ಆದರೆ ಇಂಥ ಮನೆ ಮೊದಲ ಸಲ ಎದ್ದದ್ದೂ ಹೀಗೇ ಅಲ್ವಾ? ಬಡಗಿ ಹಸಿ ಓಕ್ ಮರ ಕಡಿದು, ತನ್ನ ಅಂಗಳದಲ್ಲೇ ಚೌಕಟ್ಟು ಮಲಗಿಸಿ ಜೋಡಿಸಿ ನೋಡುತ್ತಿದ್ದ. ತೊಲೆಯ ತುದಿಯಲ್ಲಿ ನಾಲಿಗೆ, ಕಂಬದಲ್ಲಿ ತೂತು, ಮಧ್ಯೆ ಮರದ ಗೂಟ. ಗೂಟ ಹೋಗಲು ನಾಲಿಗೆಯಲ್ಲೂ ಕಂಬದಲ್ಲೂ ಮಾಡುವ ರಂಧ್ರಗಳನ್ನು ಬೇಕೆಂದೇ ಸ್ವಲ್ಪ ಸರಿಸಿ ಕೊರೆಯುತ್ತಿದ್ದರು, ಗೂಟ ಹೊಡೆದಾಗ ಸಂದು ತಾನೇ ಬಿಗಿಯಾಗಲಿ ಅಂತ. ಪ್ರತಿ ಸಂದಿಯ ಎರಡೂ ಬದಿಗೆ ಉಳಿಯಲ್ಲಿ ಒಂದೇ ಗುರುತು ಕೆತ್ತಿ, ಬಿಚ್ಚಿ, ಗಾಡಿಯಲ್ಲಿ ಸಾಗಿಸಿ, ಜಾಗದಲ್ಲಿ ನಿಲ್ಲಿಸುತ್ತಿದ್ದರು. ಕಂಬಗಳ ನಡುವೆ ಕಡ್ಡಿ ಹೆಣೆದು, ಹುಲ್ಲು, ಸಗಣಿ ಕಲಸಿದ ಮಣ್ಣು ಮೆತ್ತುತ್ತಿದ್ದರು. ಗೋಡೆ ಭಾರ ಹೊರುವುದಿಲ್ಲ, ಮರವೇ ಹೊರುತ್ತದೆ. ಗೂಟ ಕಿತ್ತರೆ ಮನೆ ಬಿಚ್ಚಿಕೊಳ್ಳುತ್ತದೆ, ಅಷ್ಟೇ.

ನಮ್ಮದೊಂದು ತಪ್ಪು ಮಾತ್ರ ಇದೆ. ಚಿತ್ರದಡಿ "ಕಪ್ಪು-ಬಿಳುಪು ಮನೆ" ಎಂದು ಸುಮ್ನೆ ರೂಢಿಗೆ ಬರೆದುಬಿಟ್ಟೆವು. ಹಾಗೇ ಬಿಟ್ಟರೆ ಓಕ್ ಮರ ಬೂದು ಬಣ್ಣಕ್ಕೆ ತಿರುಗುತ್ತದೆ. ಅದಕ್ಕೆ ಕಪ್ಪು ಬಳಿಯುವ ಹುಚ್ಚು ಜಾಸ್ತಿ ಹರಡಿದ್ದು 19ನೇ ಶತಮಾನದಲ್ಲಿ.

ನನ್ನದೂ ಒಂದು ತಕರಾರಿದೆ. ಈ ಮನೆಗೆ ಮುಂದೆ ಹೊಗೆಗೂಡು ಸೇರಿತ್ತು. ಮತ್ತೆ ಕಟ್ಟುವಾಗ ಅದನ್ನು ಕೈಬಿಟ್ಟರು, ಹಳೇ ರೂಪ ತೋರಿಸಲಿಕ್ಕೆ. ಅಲ್ಲಿ ಎಷ್ಟೋ ತಲೆಮಾರು ಬೆಚ್ಚಗೆ ಬಾಳಿದ್ದು ಆ ಹೊಗೆಗೂಡಿನ ಪಕ್ಕದಲ್ಲಿ. ನೀವು ಅದನ್ನು ಕೇಳಿದ್ದಿದ್ದರೆ, ನಾನೂ ನಿಮ್ಮ ಕಡೆಗೇ ನಿಲ್ಲುತ್ತಿದ್ದೆ.